ಸೇವಂತಿಯ ಸಭಾಪತ್ರ

ಬೈಕುಲ್ಲಾ, ಬೊಂಬಾಯಿ
14 ಜನವರಿ 1954

ಪ್ರೀತಿಯ ಪ್ರಫುಲ್ಲಾ ಅಮ್ಮನವರಿಗೆ ಲಿಡಿಯಾಳ ಸಲಾಂ.

ಸ್ಟೀಮರಿನಲ್ಲಿ ಹೊಟ್ಟೆ ತೊಳಸಿದ್ದು ಬಿಟ್ಟರೆ ಪ್ರಯಾಣ ಸುಖವಾಗಿತ್ತು. ಇಲ್ಲಿಯ ಕನ್ನಡ ಸಭೆಗೆ ಸ್ವಂತ ದೇವಾಲಯವಿಲ್ಲ. ಭಾನುವಾರ ಬೆಳಿಗ್ಗೆ ಒಂದು ಶಾಲೆಯ ಹಾಲಿನಲ್ಲಿ ಆರಾಧನೆ, ಅದರ ಹಿಂದಿನ ಕೋಣೆಯಲ್ಲಿ ನನ್ನ ವಾಸ.

ನಮ್ಮ ಕಡವಿನಕೆರೆ ಸಭೆಯಿಂದ ಮೂರು ತಿಂಗಳಿಗೆ ನನ್ನನ್ನು ಕಳುಹಿಸುವಾಗ ನೀವು ಹೇಳಿದ್ದು ಕಿವಿಯಲ್ಲೇ ಇದೆ. ಊರು ಬಿಟ್ಟು ಹೋದ ನಮ್ಮ ಹೆಂಗಸರು ಅಲ್ಲಿ ಗಿರಣಿಯ ಹೊಗೆಯಲ್ಲಿ ಬಾಡಿದ್ದಾರೆ, ದೇವರ ಕಣ್ಣಿನಲ್ಲಿ ತಮಗೆಷ್ಟು ಬೆಲೆಯೆಂದು ನೆನಪಿಸಿ ಬಾ ಎಂದಿರಿ. ಎಂಟು ಪಾಠಗಳನ್ನು ನೋಟ್‌ಬುಕ್ಕಿನಲ್ಲಿ ಚೆಂದವಾಗಿ ಬರೆದುಕೊಂಡು ಬಂದಿದ್ದೆ. ಒಂದನೆಯ ಪಾಠ ಏನಾಯಿತೆಂದು ಕೇಳಿ.

ಗಿರಣಿಯವರು ವಾಸಿಸುವ ಸಾಲುಕೋಣೆಗಳ ಚಾಳಿನ ವರಾಂಡದಲ್ಲಿ ಹದಿನಾಲ್ಕು ಹೆಂಗಸರು ಕೂತಿದ್ದರು. "ದೇವರಿಗೆ ಬೆಲೆಯುಳ್ಳವರು ನಿಮ್ಮಲ್ಲಿ ಯಾರು?" ಎಂದು ಗಂಭೀರವಾಗಿ ಕೇಳಿದೆ. ಬಸಲಿಂಗವ್ವ ಎಂಬಾಕೆ ಮಾತಾಡಿದಳು. ಈಕೆ ನಮ್ಮ ಸಭೆಯವಳಲ್ಲ, ವಿಜಾಪುರದ ಕಡೆಯವಳು, ಗಿರಣಿಯಲ್ಲಿ ನೂಲು ಸುತ್ತುವ ಕೆಲಸ. ಹಾಡು ಕೇಳಲು ಬಂದು ಕೂರುತ್ತಾಳೆ. "ಅಕ್ಕಾರ, ನಳದಾಗ ನೀರು ಐದಕ್ಕ ನಿಂದರತಾವ್ರಿ. ಬೆಲೆ ಗಿಲೆ ಆಮ್ಯಾಲ ನೋಡೂಣು," ಎಂದಳು. ಎಲ್ಲರೂ ಕೊಡ ಎತ್ತಿಕೊಂಡು ಎದ್ದುಹೋದರು.

ನಾನೂ ಒಂದು ಕೊಡ ಹಿಡಿದು ಹೋದೆ. ಎರಡನೆಯ ಮಾಳಿಗೆಗೆ ಬರುವಷ್ಟರಲ್ಲಿ ಉಸಿರು ಸೋತು ಕೂತೆ. ಅವರು ಎರಡೆರಡು ಕೊಡ ಹೊತ್ತು, ಮಾತಾಡುತ್ತ, ನಗುತ್ತ ನಾಲ್ಕನೆಯ ಮಾಳಿಗೆಗೆ ಹತ್ತಿದರು. ಇವರಿಗೆ ನಾನು ಧೈರ್ಯ ಹೇಳಲು ಬಂದಿದ್ದೇನೆ ಅಮ್ಮ. ನನಗೇ ನಾಚಿಕೆಯಾಯಿತು.

ನಮ್ಮ ಪಾದ್ರಿ ಅಯ್ಯನವರಿಗೆ ನನ್ನ ವಂದನೆ ಹೇಳಿ.

ನಿಮ್ಮ ಲಿಡಿಯಾ


ಕಡವಿನಕೆರೆ
25 ಜನವರಿ 1954

ಪ್ರಿಯ ಲಿಡಿಯಾ,

ನಿನ್ನ ಕಾಗದವನ್ನು ಊಟದ ಹೊತ್ತಿನಲ್ಲಿ ಇವರಿಗೆ ಓದಿ ಹೇಳಿದೆ. ಕೊಡದ ಕಥೆಗೆ ಇವರು ನಕ್ಕು ನಕ್ಕು ಕೆಮ್ಮಿದರು. ನಗು ಒಳ್ಳೆಯದೇ, ಆದರೆ ಪಾಠ ಬಿಡಬೇಡ. ನೀರು ಮುಗಿದ ಮೇಲೆ ಕೂಟ ಇಡು.

ಇಲ್ಲಿ ಎಲ್ಲ ಎಂದಿನಂತೆ. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ ನಡೆಯಿತು. ನನ್ನ ಬೆರಳಿಗೆ ವಾತ ಹಿಡಿದಿದೆ, ಆದರೂ ಕಡೆಯವರು ಮೇಜಿನ ಮುಂದೆ ಪವಿತ್ರ ರೊಟ್ಟಿಗೆ ಕೈಯೊಡ್ಡಿ ಹಿಂದಿರುಗುವ ತನಕ ಹಾರ್ಮೋನಿಯಂ ನುಡಿಸಿದೆ. ಬೇರೆ ಯಾರಿಗಾದರೂ ಕಲಿಸಬಾರದೇ ಎಂದು ಇವರು ವರ್ಷ ವರ್ಷವೂ ಹೇಳುತ್ತಾರೆ. ನಾನು ಕೇಳುವವಳಲ್ಲ ಎಂದು ನಿನಗೇ ಗೊತ್ತು.

ಅಲ್ಲಿ ನಮ್ಮೂರಿನವರು ಯಾರಾದರೂ ಕಂಡರೆ ಬರೆ. ಕಾಣದಿದ್ದರೆ ಹುಡುಕಲು ಹೋಗಬೇಡ. ಅಷ್ಟು ದೊಡ್ಡ ಪಟ್ಟಣದಲ್ಲಿ ಅದೆಲ್ಲ ಆಗುವ ಮಾತಲ್ಲ.

ಪ್ರಫುಲ್ಲಾ


ಬೈಕುಲ್ಲಾ
10 ಫೆಬ್ರವರಿ 1954

ಪ್ರೀತಿಯ ಅಮ್ಮ,

ಹುಡುಕಬೇಡ ಎಂದಿರಿ, ಹುಡುಕದೆಯೇ ಸಿಕ್ಕಿದ್ದಾಳೆ. ನಾನು ಕಡವಿನಕೆರೆಗೆ ಬಂದು ಐದೇ ವರ್ಷವಾದ್ದರಿಂದ ನನಗೆ ಅವಳ ಗುರುತಿರಲಿಲ್ಲ. ನಿಮಗೆ ಚೆನ್ನಾಗಿ ಗೊತ್ತಿರಬೇಕು. ಹೆಸರು ಸೇವಂತಿ.

ಕಳೆದ ಭಾನುವಾರ ಇಲ್ಲಿ ಕರ್ತನ ಭೋಜನ. ಗಂಡಸರ ಸರದಿಯಾದ ಮೇಲೆ ಹೆಂಗಸರು ಏಳುವ ಹೊತ್ತಿಗೆ ಹಾಡು ಶುರುವಾಯಿತು. ಆಗ ಕಡೇ ಬೆಂಚಿನಿಂದ ಒಬ್ಬಾಕೆ ಎದ್ದು, ಸೆರಗು ಸರಿಮಾಡಿಕೊಂಡು, ಸದ್ದಿಲ್ಲದೆ ಬಾಗಿಲ ಕಡೆ ನಡೆದು ಹೊರಟುಹೋದಳು. ಪಾಪ, ತನ್ನನ್ನು ತಾನು ಅಯೋಗ್ಯಳೆಂದುಕೊಂಡಿದ್ದಾಳೆ, ನನ್ನ ಮೂರನೆಯ ಪಾಠ ಇವಳಿಗಾಗಿಯೇ ಬರೆದದ್ದು ಎಂದುಕೊಂಡೆ. ಸೋಮವಾರ ನೋಟ್‌ಬುಕ್ ಹಿಡಿದು ಅವಳ ಕೋಣೆಗೆ ಹೋದೆ. ಬಸಲಿಂಗವ್ವನ ಪಕ್ಕದ ಕೋಣೆಯೇ ಅದು.

ನಾನು ಪಾಠ ತೆರೆದು ಅರ್ಧ ಓದಿರಬೇಕು. ಬಾಗಿಲಲ್ಲಿ ನಿಂತಿದ್ದ ಬಸಲಿಂಗವ್ವನಿಗೆ ತಡೆಯಲಾಗಲಿಲ್ಲ. "ಅಕ್ಕಾರ, ನಿನ್ನೆ ನೀವೆಲ್ಲಾ ತಿಂದ್ರಲ್ಲ, ಆ ರೊಟ್ಟಿ ಯಾರು ಸುಟ್ಟಾರ ಗೊತ್ತೇನ್ರಿ? ಈಕೀನ. ಹನ್ನೊಂದು ವರ್ಷಾತು, ತಿಂಗಳಾ ತಿಂಗಳಾ ಈಕೀನ ಸುಡತಾಳ."

ಇಲ್ಲಿಯ ಪಾಸ್ಟರು ಆ ರೊಟ್ಟಿಯನ್ನು ಇರಾನಿ ಬೇಕರಿಯದೆಂದೇ ತಿಳಿದಿದ್ದಾರೆ. ಹಾಲಿನ ಬಾಗಿಲು ತೆರೆಯುವ ಐತನಿಗೆ ಮಾತ್ರ ಸತ್ಯ ಗೊತ್ತು. ಅವನು ಭಾನುವಾರ ಮುಂಜಾನೆ ಬಂದು ಒಯ್ಯುತ್ತಾನೆ. ಸೇವಂತಿ ಶನಿವಾರ ಮಧ್ಯಾಹ್ನ ಕೋಣೆ ತೊಳೆದು, ಸ್ನಾನ ಮಾಡಿ, ಹಿಟ್ಟು ನಾದುತ್ತಾಳೆ. ನಮ್ಮೂರಿನಲ್ಲಾದರೆ ಹಿಟ್ಟು ಉಬ್ಬಲು ಶೇಂದಿ ಹಾಕುತ್ತೇವೆ, ಇಲ್ಲಿ ಪಾನನಿರೋಧ. ಅದಕ್ಕೆ ಹಿಂದಿನ ದಿನದ ಹುಳಿ ಹಿಟ್ಟು ಸೇರಿಸುತ್ತಾಳೆ. ಸಿಗಡಿ ಎಂಬ ಇದ್ದಿಲ ಒಲೆಯ ಮೇಲೆ ಪಾತ್ರೆ, ಪಾತ್ರೆಯ ಮುಚ್ಚಳದ ಮೇಲೂ ಕೆಂಡ. ಅವಳ ಗಂಡ ಚೆನ್ನಯ ಇಲ್ಲಿಯ ಒಂದು ಮೀನೂಟದ ಹೋಟೆಲಿನಲ್ಲಿ ಅಡುಗೆಯವನು, ನಮ್ಮ ಸಭೆಯವನಲ್ಲ. ಅವನು ನನಗೆ ಹೇಳಿದ್ದು ಕೇಳಿ: "ಆ ಶನಿವಾರ ನಾನು ಮನೆಗೆ ಮೀನು ತರುದಿಲ್ಲ. ನನ್ನ ದೇವರು ಬೇರೆ. ಆದ್ರೆ ರೊಟ್ಟಿ ದೇವರದ್ದಲ್ವಾ."

ಅವಳ ಕಷ್ಟ ಇಷ್ಟೇ: ಅವಳ ಹತ್ತಿರ ಸಭಾಪತ್ರವಿಲ್ಲ. ತಾಯಿಸಭೆಯ ಪತ್ರ ತಾರದವರನ್ನು ಬೇರೆ ಸಭೆಯಲ್ಲಿ ಭೋಜನಕ್ಕೆ ಕರೆಯುವುದಿಲ್ಲವಲ್ಲ. ನಲವತ್ತಮೂರರಲ್ಲೇ ನಮ್ಮ ಅಯ್ಯನವರಿಗೆ ಬರೆದಳಂತೆ. "ಸಭೆಯ ಹೊರಗೆ ಮದುವೆ ಆಗಿದ್ದೇನೆ, ಶಿಕ್ಷೆ ಉಂಟಾದ್ರೆ ಎಷ್ಟು ತಿಂಗಳು ಅಂತ ಹೇಳಿ, ಕಡೇ ಬೆಂಚಿನಲ್ಲಿ ಕೂತು ಮುಗಿಸ್ತೇನೆ ಅಂತ ಬರ್ದಿದ್ದೆ ಅಕ್ಕ. ಉತ್ತರ ಬರ್ಲಿಲ್ಲ. ಬರ್ಲಿಲ್ಲ ಅಂದ್ರೆ ಏನು ಅಂತ ಅರ್ಥ ಆಗುದಿಲ್ವಾ?" ಅಂದಿನಿಂದ ಕಡೇ ಬೆಂಚಿನಲ್ಲಿ ಕೂತಿದ್ದಾಳೆ.

ನಾನು ನೋಟ್‌ಬುಕ್ ಮುಚ್ಚಿದೆ. ಅಮ್ಮ, ಆ ಕಾಗದ ದಾರಿಯಲ್ಲಿ ಕಳೆದಿರಬೇಕು. ಯುದ್ಧದ ವರ್ಷವಲ್ಲವೇ. ದಯವಿಟ್ಟು ಅಯ್ಯನವರಿಗೆ ಹೇಳಿ ಸಭೆಯ ಪುಸ್ತಕ ತೆಗೆಸಿ ನೋಡಿಸಿ. ಮಾರ್ಚಿಯ ಮೊದಲ ಭಾನುವಾರದೊಳಗೆ ಪತ್ರ ಬರುತ್ತದೆಂದು ಅವಳಿಗೆ ಮಾತು ಕೊಟ್ಟುಬಿಟ್ಟಿದ್ದೇನೆ. ನಿಮ್ಮನ್ನು ನಂಬಿಯೇ ಕೊಟ್ಟದ್ದು.

ಲಿಡಿಯಾ


ಕಡವಿನಕೆರೆ
17 ಫೆಬ್ರವರಿ 1954

ಲಿಡಿಯಾ,

ಕಾಗದ ತಲುಪಿತು. ಹಳೆಯ ಪುಸ್ತಕಗಳಿಗೆ ಗೆದ್ದಲು ಹಿಡಿದಿದೆ. ಅಷ್ಟು ಹಿಂದಿನದನ್ನು ಈಗ ಕೆದಕುವುದರಿಂದ ಯಾರಿಗೂ ಉಪಯೋಗವಿಲ್ಲ. ಇವರಿಗೆ ಮೈ ಸರಿಯಿಲ್ಲ, ನಾನು ಹೇಳಿಲ್ಲ.

ನಿನ್ನನ್ನು ಕಳುಹಿಸಿದ್ದು ಎಲ್ಲ ಹೆಂಗಸರಿಗಾಗಿ, ಒಬ್ಬಳಿಗಾಗಿ ಅಲ್ಲ. ಕೇಳದೆ ಮಾತು ಕೊಡುವುದು ನಿನ್ನ ತಪ್ಪು.

ಪ್ರಫುಲ್ಲಾ


ಬೈಕುಲ್ಲಾ
24 ಫೆಬ್ರವರಿ 1954

ಅಮ್ಮ,

ಬೈದದ್ದು ಸರಿ, ನಾನು ದುಡುಕಿದೆ. ಅಯ್ಯನವರಿಗೆ ಹುಷಾರಿಲ್ಲವೆಂದು ತಿಳಿದು ನಿಮಗೆ ಇನ್ನಷ್ಟು ಭಾರ ಹೊರಿಸಿದೆನಲ್ಲ ಎಂದು ನೊಂದೆ. ನಿಮ್ಮ ಕಾಗದ ಅಷ್ಟು ಚಿಕ್ಕದಾಗಿದ್ದದ್ದು ಅದಕ್ಕೇ ಇರಬೇಕು. ಅವರು ಗುಣವಾಗಲೆಂದು ಇಲ್ಲಿಯ ಹೆಂಗಸರೆಲ್ಲ ಪ್ರಾರ್ಥಿಸುತ್ತಿದ್ದೇವೆ. ಸೇವಂತಿ ಎಲ್ಲರಿಗಿಂತ ಹೆಚ್ಚು ಹೊತ್ತು ಮೊಣಕಾಲೂರಿದ್ದಳು.

ಒಂದು ಮಾತು ಹೇಳದೆ ಇರಲಾರೆ. ಈ ರೊಟ್ಟಿ ಮಾಡುವುದನ್ನು ಎಲ್ಲಿ ಕಲಿತೆ ಎಂದು ಅವಳನ್ನು ಕೇಳಿದೆ. "ಪ್ರಫುಲ್ಲಾ ಅಮ್ಮನ ಅಡುಗೆಮನೆಯಲ್ಲಿ. ಹಿಟ್ಟನ್ನು ಒತ್ತಬಾರ್ದು, ಮಡಿಚಬೇಕು ಅಂತ ನನ್ನ ಕೈ ಹಿಡ್ದು ಕಲ್ಸಿದ್ರು. ಅಮ್ಮ ಇಲ್ಲದ ಹುಡುಗಿ ನಾನು, ಅವರೇ ನನಗೆ ಅಮ್ಮ," ಎಂದಳು. ನಿಮ್ಮ ಮೇಲೆ ಒಂದೇ ಒಂದು ಕೆಟ್ಟ ಮಾತಿಲ್ಲ. ನೀವು ಚೆನ್ನಾಗಿದ್ದೀರಾ, ಕೂದಲು ಬೆಳ್ಳಗಾಯಿತಾ ಎಂದು ಕೇಳಿದಳು. ಅಂಥವಳನ್ನು ಬೆಳೆಸಿದ್ದಕ್ಕೆ ನಿಮಗೆ ಎಷ್ಟು ಸಂತೋಷವಾಗಬೇಡ.

ಪತ್ರ ತಡವಾಗಬಹುದೆಂದು ಅವಳಿಗೆ ಹೇಳಿದ್ದೇನೆ. ತಲೆಯಾಡಿಸಿ ಅಕ್ಕಿ ಆರಿಸುವುದನ್ನು ಮುಂದುವರಿಸಿದಳು.

ಲಿಡಿಯಾ


ಬೈಕುಲ್ಲಾ
9 ಮಾರ್ಚಿ 1954

ಅಮ್ಮ,

ನಿಮ್ಮಿಂದ ಉತ್ತರವಿಲ್ಲ. ಮೊನ್ನೆ ಭಾನುವಾರ ಸೇವಂತಿ ರೊಟ್ಟಿ ಕಳುಹಿಸಿದ್ದಳು, ಬಂದು ಕೂತಳು, ಹಾಡು ಶುರುವಾದೊಡನೆ ಎದ್ದು ಹೋದಳು. ನಾನು ಅವಳ ಹಿಂದೆಯೇ ಹೊರಗೆ ಬಂದೆ. ಮೆಟ್ಟಿಲ ಹತ್ತಿರ ಗೋಡೆಗೆ ಮುಖ ಮಾಡಿ ನಿಂತು, ಒಳಗಿನವರ ಜೊತೆ ಹಾಡನ್ನು ಕೊನೆಯ ಸಾಲಿನ ತನಕ ಮೆಲ್ಲಗೆ ಹಾಡಿ ಮುಗಿಸಿದಳು. ಆಮೇಲೆ ಮನೆಗೆ ಹೋದಳು.

ಎಂಟು ವರ್ಷದಿಂದ ವೇದಪಾಠ ಹೇಳುತ್ತ ಊರೂರು ಸುತ್ತಿದ್ದೇನೆ. ಇಂಥ ನಂಬಿಕೆ ನಾನು ಕಂಡಿಲ್ಲ. ಕರೆಯದ ಊಟಕ್ಕೆ ಹನ್ನೊಂದು ವರ್ಷ ಅಡುಗೆ ಮಾಡಿದವಳ ಮುಂದೆ ನಾನು ಪಾಠ ಓದಿದೆನಲ್ಲ ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ. ಅವಳನ್ನು ಸಭೆಯೇ ಹೊರಗೆ ಹಾಕಿದ್ದರೆ ಹಾಗೆಂದೇ ಬರೆಯಿರಿ. ನನಗೆ ನೋವಾಗುತ್ತದೆಂದು ಮುಚ್ಚಿಡಬೇಡಿ.

ಲಿಡಿಯಾ


ಕಡವಿನಕೆರೆ
15 ಮಾರ್ಚಿ 1954

ಲಿಡಿಯಾ,

ಇದರ ಜೊತೆ ಸೇವಂತಿಯ ಸಭಾಪತ್ರವಿದೆ. ಮೊದಲು ಅದನ್ನು ಅವಳ ಕೈಗೆ ಕೊಡು. ಆಮೇಲೆ ಈ ಕಾಗದವನ್ನು ಅವಳಿಗೆ ಓದಿ ಹೇಳು. ಒಂದು ಸಾಲನ್ನೂ ಬಿಡಬೇಡ.

ಅವಳನ್ನು ಯಾರೂ ಹೊರಗೆ ಹಾಕಿಲ್ಲ. ಅವಳ ಕಾಗದ ಕಳೆದೂ ಹೋಗಿಲ್ಲ. ಅದು ಬಂದ ದಿನ ಇವರು ಹೊಳೆಯಾಚೆಯ ಸಭೆಗಳಿಗೆ ಹೋಗಿದ್ದರು. ನಾನು ಒಡೆದು ಓದಿದೆ. ಓದಿ, ನನ್ನ ಮದುವೆಯ ಸೀರೆಯ ಮಡಿಕೆಯಲ್ಲಿ ಇಟ್ಟೆ. ಇವರಿಗೆ ಹೇಳಲೇ ಇಲ್ಲ.

ಅವಳಿಗೂ ನನ್ನ ತಮ್ಮನಿಗೂ ಮದುವೆ ಗೊತ್ತಾಗಿತ್ತು. ಮದುವೆಗೆ ಮೊದಲು ಸಭೆಯಲ್ಲಿ ಮೂರು ಭಾನುವಾರ ಜೋಡಿಯ ಹೆಸರು ಕೂಗಬೇಕಷ್ಟೆ. ಎರಡು ಭಾನುವಾರ ಕೂಗಿ ಆಗಿತ್ತು. ಮೂರನೆಯದರ ಹಿಂದಿನ ದಿನ ಅವಳು ಚೆನ್ನಯನ ಜೊತೆ ಸ್ಟೀಮರ್ ಹತ್ತಿದಳು. ಮದುವೆ ಬೇಡವೆಂದು ಅದಕ್ಕೂ ಮೊದಲು ನನಗೆ ಎರಡು ಸಲ ಹೇಳಿದ್ದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ತಮ್ಮ ಊರಿಗೆ ಮುಖ ತೋರಿಸಲಾರದೆ ಕೊಡಗಿಗೆ ಹೋದ. ಕಾಗದ ಕೈಗೆ ಬಂದಾಗ, ಇವಳೂ ಸ್ವಲ್ಪ ಕಾಯಲಿ ಎಂದುಕೊಂಡೆ. ಒಂದು ತಿಂಗಳು ಎಂದುಕೊಂಡೆ. ತಿಂಗಳು ಕಳೆದ ಮೇಲೆ ಇಷ್ಟು ದಿನ ಎಲ್ಲಿಟ್ಟಿದ್ದೆ ಎಂದು ಇವರು ಕೇಳಿದರೆ ಏನು ಹೇಳಲಿ ಎಂಬ ಭಯ. ವರ್ಷ ಕಳೆದ ಮೇಲೆ ಭಯ ಇನ್ನೂ ದೊಡ್ಡದಾಯಿತು. ನನ್ನ ತಮ್ಮನಿಗೆ ಈಗ ನಾಲ್ಕು ಮಕ್ಕಳು, ಸುಖವಾಗಿದ್ದಾನೆ. ಅವಳ ಮಾತು ಎತ್ತಿದರೆ ಯಾರವಳು ಎಂದು ಯೋಚಿಸಬೇಕು ಅವನಿಗೆ. ಅವನ ಕೋಪವನ್ನು ನಾನೊಬ್ಬಳೇ ಸಾಕಿಕೊಂಡು ಬಂದೆ.

ಹಾರ್ಮೋನಿಯಂ ವಿಷಯವನ್ನೂ ಹೇಳಿಬಿಡುತ್ತೇನೆ. ಸುಳ್ಳು ಹೊತ್ತುಕೊಂಡು ಆ ಮೇಜಿಗೆ ಹೋಗುವ ಧೈರ್ಯ ನನಗೆ ಬರಲಿಲ್ಲ. ಪಾದ್ರಿಯ ಹೆಂಡತಿ ಎದ್ದು ಹೊರಗೆ ಹೋದರೆ ಊರೇ ಕೇಳುತ್ತದೆ. ಅದಕ್ಕೇ ಹಾಡು ನಿಲ್ಲದಂತೆ ನುಡಿಸುತ್ತ ಕೂತೆ. ಅವಳು ಉಣ್ಣದ ಹನ್ನೊಂದು ವರ್ಷ ನಾನೂ ಉಂಡಿಲ್ಲ. ಯಾರಿಗೂ ಗೊತ್ತಾಗಲಿಲ್ಲ.

ನಾನು ಕೈ ಹಿಡಿದು ಕಲಿಸಿದ್ದನ್ನು ನೀನು ಬರೆದ ದಿನದಿಂದ ನನಗೆ ಅನ್ನ ಇಳಿಯಲಿಲ್ಲ. ಶುಕ್ರವಾರ ಇವರಿಗೆ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಪೆಟ್ಟಿಗೆಯಿಂದ ಪುಸ್ತಕ ತೆಗೆದರು. ಗೆದ್ದಲು ಹಿಡಿದಿದೆ ಎಂದು ನಿನಗೆ ಬರೆದದ್ದು ಸುಳ್ಳು. ಒಂದು ಹಾಳೆಯೂ ಕೆಟ್ಟಿಲ್ಲ. ಅವಳ ಹೆಸರು ಹಾಗೆಯೇ ಇದೆ. ಮುಂದೆ ಇವರ ಅಕ್ಷರದಲ್ಲಿ "ಬೊಂಬಾಯಿಗೆ ಹೋದಳು" ಎಂದಿದೆ, ಅಷ್ಟೇ. "ಅವಳಾಗಿ ಬರೆಯಲಿ ಅಂತ ನಾನೂ ಕಾದು ಕೂತೆ. ಒಂದು ಕಾಗದ ನಾನೇ ಬರೆಯಬಹುದಿತ್ತು. ನನ್ನ ಸಭೆಯ ಹುಡುಗಿ," ಎಂದು ಬಹಳ ಹೊತ್ತು ಆ ಪುಟವನ್ನೇ ನೋಡುತ್ತಿದ್ದರು. ಅಂದು ಶಿಕ್ಷೆ ಕೊಟ್ಟಿದ್ದರೂ ಮೂರು ತಿಂಗಳಿಗಿಂತ ಹೆಚ್ಚಿರುತ್ತಿರಲಿಲ್ಲವಂತೆ. ಯಾರೂ ವಿಧಿಸದ ಶಿಕ್ಷೆಯನ್ನು ಆ ಮಗು ಹನ್ನೊಂದು ವರ್ಷ ಅನುಭವಿಸಿತು.

ನಿನ್ನೆ ಆರಾಧನೆಯ ನಂತರ ಹಿರಿಯರ ಮುಂದೆ ನಿಂತು ಎಲ್ಲ ಹೇಳಿದೆ. ನನಗೂ ಶಿಕ್ಷೆ ಕೊಡಿ ಎಂದು ಕೇಳಿದೆ. ಹಿರಿಯ ಮೋನಪ್ಪನವರು ನೆಲ ನೋಡುತ್ತ, "ಹನ್ನೊಂದು ವರ್ಷ ಆಯ್ತಲ್ವಾ ಅಮ್ಮ," ಎಂದರು.

ನಾನು ಇನ್ನು ಆ ಮೇಜಿಗೆ ಹೋಗುವವಳಲ್ಲ. ಅವಳು ಹೋದರೆ ನನಗೆ ಅಷ್ಟೇ ಸಾಕು.

ಪ್ರಫುಲ್ಲಾ


ಬೈಕುಲ್ಲಾ
22 ಮಾರ್ಚಿ 1954

ಅಮ್ಮ,

ನೀವು ಹೇಳಿದಂತೆ ಒಂದು ಸಾಲನ್ನೂ ಬಿಡದೆ ಓದಿದೆ. ಏನಾಯಿತೋ ಅದನ್ನೇ ನಿಮಗೂ ಬರೆಯುತ್ತಿದ್ದೇನೆ.

ಚೆನ್ನಯ ಹೊಸ್ತಿಲಲ್ಲಿ ಕೂತಿದ್ದ. "ಹನ್ನೊಂದು ವರ್ಷ," ಎಂದವನೇ ಎದ್ದು, ಉಣ್ಣದೆ ಹೋಟೆಲಿಗೆ ನಡೆದ. ಸೇವಂತಿ ಪತ್ರವನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಹಾರ್ಮೋನಿಯಂನ ಮಾತನ್ನು ಇನ್ನೊಮ್ಮೆ ಓದು ಎಂದಳು. ಓದಿದೆ.

"ಹಾಗಾದ್ರೆ ಅಮ್ಮನೂ ಹೊರಗೇ ಇದ್ರಾ?" ಎಂದಳು.

ಆಮೇಲೆ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ. "ನನಗೆ ಸಿಟ್ಟು ಬಂದಿದೆ ಅಂತ ಬರಿ ಅಕ್ಕ. ಬರ್ಲಿಲ್ಲ ಅಂದ್ರೆ ಸುಳ್ಳಾಗ್ತದೆ. ಆದ್ರೆ ಅವರನ್ನು ಹೊರಗೆ ಬಿಟ್ಟು ನಾನೊಬ್ಬಳೇ ಒಳಗೆ ಹೋಗುದು ಹೇಗೆ? ಹೊರಗೆ ನಿಲ್ಲುದು ಏನು ಅಂತ ನನಗೆ ಗೊತ್ತುಂಟು. ಏಪ್ರಿಲ್ ನಾಲ್ಕಕ್ಕೆ ಅಲ್ಲಿಯೂ ಭೋಜನ ಉಂಟಲ್ಲ. ಅವರು ಹೋಗ್ತೇನೆ ಅಂತ ಬರೆದ್ರೆ ನಾನೂ ಹೋಗ್ತೇನೆ. ಇಲ್ಲದಿದ್ರೆ ಈ ಪತ್ರ ಇಲ್ಲೇ ಇರ್ತದೆ."

ನಾನು ಎಷ್ಟು ಹೇಳಿದರೂ ಜಗ್ಗಲಿಲ್ಲ. ಕೈಯಲ್ಲಿ ಪತ್ರ ಇಟ್ಟುಕೊಂಡು ಇನ್ನೂ ಕಾಯುತ್ತೇನೆ ಎನ್ನುವವಳು. ಅವಳ ಎದುರು ಕೂತು ನನಗೆ ಒಂದು ಥರ ಭಯವಾಯಿತು ಅಮ್ಮ, ದೇವಾಲಯದಲ್ಲಿ ಒಬ್ಬಳೇ ಇದ್ದಾಗ ಆಗುವ ಹಾಗೆ.

ಲಿಡಿಯಾ


ಕಡವಿನಕೆರೆ
28 ಮಾರ್ಚಿ 1954

ಈ ಕಾರ್ಡು ಶನಿವಾರದೊಳಗೆ ತಲುಪಲಿ. ಹೋಗುತ್ತೇನೆ ಎಂದು ಅವಳಿಗೆ ಹೇಳು.

ಪ್ರಫುಲ್ಲಾ


ಕಡವಿನಕೆರೆ
5 ಏಪ್ರಿಲ್ 1954

ಪ್ರಿಯ ಲಿಡಿಯಾ,

ನಿನ್ನೆ ಹಾರ್ಮೋನಿಯಂನ ಮುಚ್ಚಳ ತೆರೆಯಲಿಲ್ಲ. ಹೆಂಗಸರ ಸಾಲಿನಲ್ಲಿ ಕೂತೆ. ಬರಿಗಂಟಲಿನಲ್ಲಿ ಹಾಡಿದ್ದರಿಂದ ಎರಡನೆಯ ಚರಣಕ್ಕೇ ಶ್ರುತಿ ತಪ್ಪಿತು, ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಹೋದರು. ಯಾರೂ ನಿಲ್ಲಿಸಲಿಲ್ಲ.

ನಾನು ಎಲ್ಲರಿಗಿಂತ ಕೊನೆಗೆ ಎದ್ದೆ. ಇವರು ತಟ್ಟೆ ಹಿಡಿದು ನನ್ನ ಮುಂದೆ ಬಂದು ನಿಂತರು. ಮೂವತ್ತೆರಡು ವರ್ಷ ಸಂಸಾರ ಮಾಡಿದವರು, ಹೊಸಬರನ್ನು ನೋಡುವ ಹಾಗೆ ನೋಡಿದರು. ರೊಟ್ಟಿ ಕೊಡುವಾಗ ಹೇಳಬೇಕಾದ ಮಾತು ಅವರಿಗೆ ಅರ್ಧಕ್ಕೇ ನಿಂತಿತು. ಹಿಂದಿನಿಂದ ಮೋನಪ್ಪನವರು ಅದನ್ನು ಮೆಲ್ಲಗೆ ಹೇಳಿ ಪೂರ್ತಿ ಮಾಡಿದರು. ನಾನು ಉಂಡೆ.

ಅದೇ ಹೊತ್ತಿಗೆ ಅಲ್ಲಿ ಅವಳೂ ಎದ್ದಿರಬಹುದೇ ಎಂದು ಯೋಚಿಸಿದೆ. ಕ್ಷಮಿಸು ಎಂದು ಕೇಳಲು ನನಗೆ ಬಾಯಿಲ್ಲ. ನಾನು ಕೇಳುವುದಕ್ಕೂ ಮೊದಲೇ ಅವಳು ಹಾದಿ ಮಾಡಿಕೊಟ್ಟಳು. ಏನಾಯಿತು, ಬೇಗ ಬರೆ.

ಪ್ರಫುಲ್ಲಾ


ಬೈಕುಲ್ಲಾ
6 ಏಪ್ರಿಲ್ 1954

ಪ್ರೀತಿಯ ಅಮ್ಮ,

ನಿಮ್ಮ ಕಾರ್ಡು ಶುಕ್ರವಾರವೇ ಬಂತು. ಸೇವಂತಿ ಅದನ್ನು ಓದಿ, ಐತ ಬಂದರೆ ರೊಟ್ಟಿ ಸಿದ್ಧವಿರುತ್ತದೆಂದು ಹೇಳು ಎಂದಳು, ಅಷ್ಟೇ.

ಭಾನುವಾರ ಪಾಸ್ಟರು ಅವಳ ಸಭಾಪತ್ರವನ್ನು ಎಲ್ಲರೆದುರು ಓದಿದರು. ಗಂಡಸರಾದ ಮೇಲೆ ಹಾಡು ಶುರುವಾಯಿತು. ಸೇವಂತಿ ಎದ್ದಳು, ಸೆರಗು ಸರಿಮಾಡಿಕೊಂಡಳು, ಬಾಗಿಲ ಕಡೆಗೆ ನಡೆದಳು. ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಾಯಿಸಿದಳೆಂದುಕೊಂಡೆ. ಹಾಗಲ್ಲ ಅಮ್ಮ, ಅದು ಬರೀ ಅಭ್ಯಾಸ. ಹನ್ನೊಂದು ವರ್ಷ ಆ ಹಾಡಿಗೆ ಎದ್ದು ಹೊರಗೆ ಹೋದ ಕಾಲು ತಾನಾಗಿಯೇ ಅತ್ತ ನಡೆದಿತ್ತು. ಹೊಸ್ತಿಲು ಮುಟ್ಟಿದ ಮೇಲೆ ನಿಂತಳು. ತಾನು ಎಲ್ಲಿದ್ದೇನೆಂದು ಒಂದು ಗಳಿಗೆ ಗೊತ್ತಾಗದವಳಂತೆ ಕೈ ಬಾಗಿಲಿಗೆ ಊರಿದಳು. ಅಲ್ಲಿ ಹೊರಗೆ ಚೆನ್ನಯ ಚಪ್ಪಲಿ ಬಿಟ್ಟು ನಿಂತಿದ್ದ. ಹೋಗು ಎಂದು ಕೈಯಲ್ಲೇ ತೋರಿಸಿದ.

ಅವಳು ತಿರುಗಿದಳು. ಆ ಹಾಲಿನ ಉದ್ದಕ್ಕೂ ಒಬ್ಬಳೇ ನಡೆದು ಬಂದಳು. ಹೆಂಗಸರು ಒತ್ತರಿಸಿಕೊಂಡು ಮೊದಲ ಸಾಲಿನಲ್ಲಿ ಅವಳಿಗೆ ಜಾಗ ಬಿಟ್ಟರು. ಕಿಟಕಿಯಾಚೆ ನಿಂತಿದ್ದ ಬಸಲಿಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಸೇವಂತಿ ಕೈಯೊಡ್ಡಿದಳು, ತೆಗೆದುಕೊಂಡಳು, ಕಣ್ಣು ಮುಚ್ಚಿ ಉಂಡಳು. ನೋಡುತ್ತಿದ್ದ ನಾವೆಲ್ಲ ಹಾಡುವುದನ್ನೇ ಮರೆತೆವು.

ಮನೆಗೆ ಹೋಗುವಾಗ ಚೆನ್ನಯ ಮುಂದೆ, ನಾವಿಬ್ಬರು ಹಿಂದೆ. ಏನೋ ದೊಡ್ಡ ಮಾತು ಹೇಳುತ್ತಾಳೆ, ನಿಮಗೆ ಬರೆಯಬೇಕು ಎಂದು ಕಾಯುತ್ತಿದ್ದೆ. ಬೈಕುಲ್ಲಾ ಸ್ಟೇಷನ್ನಿನ ಹತ್ತಿರ ಹೇಳಿದಳು.

"ಉಪ್ಪು ಕಮ್ಮಿ ಆಗಿದೆ ಅಕ್ಕ."

"ಯಾವುದಕ್ಕೆ?"

"ರೊಟ್ಟಿಗೆ. ಇಷ್ಟು ವರ್ಷ ಎಲ್ಲ ಹೀಗೇ ತಿಂದದ್ದಾ? ಒಬ್ಬರಾದ್ರೂ ಹೇಳ್ಬೇಕಲ್ವಾ."

ನೂರಾರು ರೊಟ್ಟಿ ಸುಟ್ಟ ಕೈ ಅಮ್ಮ, ಒಂದು ಚೂರನ್ನೂ ಬಾಯಿಗೆ ಹಾಕಿ ನೋಡಿರಲಿಲ್ಲ. ನನಗಲ್ಲವೆಂದು ಮುಟ್ಟಿರಲಿಲ್ಲ. ನಾನು ಕೈಗಾಡಿಗಳ ನಡುವೆಯೇ ನಿಂತು ಅತ್ತುಬಿಟ್ಟೆ. ಅವಳು ನನ್ನ ಮೊಣಕೈ ಹಿಡಿದು ರಸ್ತೆ ದಾಟಿಸಿದಳು.

ನಿಮ್ಮ ಲಿಡಿಯಾ